ಹೆಸರು ಗೊತ್ತಿಲ್ಲದ ಪಲ್ಲೆ ಒಲೆ ಮೇಲೆ ಬೇಡ

ವಾಳಪೈ (ಗೋವಾ): ಮಳೆ ಹಿಡಿದರೆ ಸಾಕು, ಸತ್ತರಿ ತಾಲ್ಲೂಕಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ತುಂಬಿಕೊಂಡು ವಾಳಪೈ ಪೇಟೆಗೆ ಬರುತ್ತಾರೆ. ತಾಯ್ಕಿಳೊ (ತಗಚಿ), ತೆರೆಂ (ಕೆಸು), ಫಾಗ್ಲಾಂ (ಮಡಹಾಗಲ), ಸಿಕ್ಕರೆ ಹುತ್ತದ ಅಣಬೆ. ಬಿತ್ತದೆ, ಗೊಬ್ಬರ ಹಾಕದೆ ಬೆಳೆಯುವ ಈ ಪಲ್ಲೆಗಳಿಗೆ ಗೋವಾದವರು ವರ್ಷವಿಡೀ ಕಾಯುತ್ತಾರೆ.

ಘಟ್ಟದ ಮೇಲಿನವರಿಗೂ ಇದೇನು ಹೊಸದಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು ಹೊಲದ ಹಕ್ಕರಕಿ, ಕಿರಕಸಾಲಿ ತಿಂದೇ ಬೆಳೆದವರು. ಆದರೆ ಎರಿ ಹೊಲದಲ್ಲಿ ಕಲಿತ ಪಾಠ ಮಹದಾಯಿ ಕಾಡಿನಲ್ಲಿ ನಡೆಯದು. ಅಪಾಯ ಇರುವುದು ಪೇಟೆಯ ಬುಟ್ಟಿಯಲ್ಲಲ್ಲ. 'ನಮ್ಮೂರಾಗೂ ತಿಂತೇವಿ, ಇಲ್ಲೇನ ಆಗತೈತಿ' ಎಂದು ರಸ್ತೆ ಬದಿಯಲ್ಲಿ ಕಿತ್ತು ತರುವ ಧೈರ್ಯದಲ್ಲಿ.

ತಗಚಿಯಂತೆ ಕಂಡರೂ ತಗಚಿಯಲ್ಲ

ತಾಯ್ಕಿಳೊ ಎಂದರೆ ಮರಾಠಿಯ ಟಾಕಳಾ, ನಮ್ಮ ತಗಚಿ. ಎಳೆ ಎಲೆಯ ಪಲ್ಯ ರುಚಿ. ಇದರ ಪಕ್ಕದಲ್ಲೇ ಬೆಳೆಯುವ ಇನ್ನೊಂದು ಗಿಡ ದೊಡ್ಡ ತಗಚೆ. ಮರಾಠಿಯಲ್ಲಿ ಕಾಸವಿಂದಾ, ಕೆಲವೆಡೆ ರಾನ್ ಟಾಕಳಾ. ಹಳದಿ ಹೂವು ಎರಡಕ್ಕೂ ಇದೆ, ಹೆಸರೂ ಹತ್ತಿರ. ತಗಚಿಯ ಎಲೆ ತುದಿ ದುಂಡು, ಕಡ್ಡಿಗೆ ಮೂರು ಜೋಡಿ. ಕಾಯಿ ಸಪೂರ, ಉದ್ದ, ಬಾಗಿದ್ದು. ದೊಡ್ಡ ತಗಚೆಯ ಎಲೆ ತುದಿ ಚೂಪು, ಜೋಡಿ ನಾಲ್ಕೈದು. ಕಾಯಿ ಚಪ್ಪಟೆ, ಎಲೆ ಹಿಚುಕಿದರೆ ಕೆಟ್ಟ ವಾಸನೆ.

ಈ ವ್ಯತ್ಯಾಸ ಸಣ್ಣದಲ್ಲ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟ ಮಕ್ಕಳು ಸಾಯುತ್ತಿದ್ದರು. ಮೆದುಳು ಜ್ವರ ಎಂದೇ ಎಲ್ಲರೂ ನಂಬಿದ್ದರು. ಬಿಜನೋರಿನ ಡಾ. ವಿಪಿನ್ ವಶಿಷ್ಠ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕಾಸವಿಂದಾ ಕಡೆ ಬೆರಳು ತೋರಿಸಿತು. ಆಟವಾಡುತ್ತ ಮಕ್ಕಳು ಅದರ ಕಾಯಿ-ಬೀಜ ತಿಂದಿದ್ದರು. ಯಕೃತ್ತು, ಸ್ನಾಯು, ಮೆದುಳು ಮೂರಕ್ಕೂ ಪೆಟ್ಟು ಬಿದ್ದಿತ್ತು. ಕಟ್ಟಡ ಕೆಲಸದ ಜಾಗದಲ್ಲಿ ಮಕ್ಕಳನ್ನು ಆಡಲು ಬಿಡುವ ತಾಯಂದಿರು ಇದನ್ನು ಗಮನಿಸಬೇಕು.

ತಡವಾಗಿ ಹೊಡೆಯುವ ಅಣಬೆ

ಅಣಬೆಯ ವಿಚಾರ ಇನ್ನೂ ಸೂಕ್ಷ್ಮ. ಹುತ್ತದ ಅಣಬೆಗೆ ಉದ್ದನೆಯ ಬೇರಿನಂಥ ಬುಡ, ಅದು ನೆಲದೊಳಗಿನ ಗೆದ್ದಲ ಗೂಡಿಗೆ ತಲುಪುತ್ತದೆ. ವಿಷದ 'ಅಮಾನಿಟಾ' ಜಾತಿಗಳಿಗೆ ಸಾಮಾನ್ಯವಾಗಿ ಬುಡದಲ್ಲಿ ಬಟ್ಟಲಿನಂಥ ಚೀಲ. ಮೇಲಿಂದ ಮೇಲೆ ಮುರಿದು ತಂದರೆ ಈ ಗುರುತು ಮಣ್ಣಿನಲ್ಲೇ ಉಳಿಯುತ್ತದೆ.

ಅಮಾನಿಟಾದ ಮಾರಕ ಜಾತಿಗಳ ವಿಷ ಬೇಯಿಸಿದರೂ ಹೋಗದು. ತಿಂದು ಆರು ತಾಸಿಗೂ ಹೆಚ್ಚು ಏನೂ ಆಗುವುದಿಲ್ಲ. ಆಮೇಲೆ ವಾಂತಿ-ಭೇದಿ. ಒಂದೆರಡು ದಿನದಲ್ಲಿ ಅದು ನಿಂತು ಹುಷಾರಾದಂತೆ ಕಾಣುತ್ತದೆ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. ದಿನಗೂಲಿ ತಪ್ಪೀತೆಂದು ಕೆಲಸಕ್ಕೆ ಹೊರಡುವವರಿಗೆ ಈ ನಡುವಿನ ದಿನವೇ ಮೋಸ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು. ಹೆಚ್ಚಿನವರು ಚಹಾ ತೋಟದ ಕುಟುಂಬದವರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2011ರ ಕೊನೆಯ ರಾತ್ರಿ ಮಾಡಿದ ಅಣಬೆ ಊಟ ಇಬ್ಬರನ್ನು ಬಲಿ ಪಡೆಯಿತು. ಅವರಲ್ಲಿ ಒಬ್ಬರು ಚೀನಾ ಮೂಲದ ಅಡುಗೆಯವರು. ಅಲ್ಲಿನ ವಿಷದ ಅಣಬೆ ಚೀನಾದವರು ತಿನ್ನುವ ಹುಲ್ಲಣಬೆಯನ್ನೇ ಹೋಲುತ್ತದೆ. ಪರಊರಿನಲ್ಲಿ ಪರಿಚಿತ ಮುಖವೇ ಮೋಸ ಮಾಡುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ಅಣಬೆ ಒಳ್ಳೆಯದು ಎಂಬ ಮಾತೆಲ್ಲ ಸುಳ್ಳು.

ಗಡ್ಡೆ, ಹಣ್ಣು

ಬೇಲಿಯಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ (ಮರಾಠಿಯ ಕಳಲಾವಿ) ಗಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಕಿತ್ತಳೆಯಂತೆ ಹೊಳೆಯುವ ಕಾಜ್ರೊ ಹಣ್ಣು ನಮ್ಮ ಕಾಸರಕ. ಬೀಜದಲ್ಲಿ ಸೆಟೆತ ತರುವ ಸ್ಟ್ರಿಕ್ನಿನ್ ವಿಷ. ಕೆಸುವನ್ನೂ ಇಲ್ಲಿನವರು ಚೆನ್ನಾಗಿ ಬೇಯಿಸಿ, ಅಮಟೆಕಾಯಿ ಇಲ್ಲವೇ ಕೋಕಂ ಹುಳಿ ಹಾಕದೆ ತಿನ್ನುವುದಿಲ್ಲ. ಇಲ್ಲದಿದ್ದರೆ ಗಂಟಲು ತುರಿಕೆ ಖಾತ್ರಿ.

ತಿಂದು ತೊಂದರೆಯಾದರೆ

* 108ಕ್ಕೆ ಫೋನ್ ಮಾಡಿ ಅಥವಾ ತಕ್ಷಣ ವಾಳಪೈ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಿ. ದೊಡ್ಡ ಚಿಕಿತ್ಸೆಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ.
* ಉಳಿದ ಅಡುಗೆ, ಗಿಡದ ತುಂಡು, ಅಣಬೆಯ ಬುಡ ಕೈಯಲ್ಲಿ ಒಯ್ಯಿರಿ. ತಿಂದ ಸಮಯ ಹೇಳಿ.
* ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.
* ಒಂದೇ ಪಾತ್ರೆಯಲ್ಲಿ ಉಂಡವರೆಲ್ಲರೂ ಹೋಗಬೇಕು, ಆರಾಮಿದ್ದರೂ ಸರಿ.

ಕಾಡು ಪಲ್ಲೆ ಬಿಡಬೇಕೆಂದೇನಿಲ್ಲ. ಇಲ್ಲಿನ ಹಳ್ಳಿಯವರು ಯಾವುದನ್ನು ತಿನ್ನುತ್ತಾರೆ, ಯಾವ ತಿಂಗಳು, ಹೇಗೆ ಬೇಯಿಸಿ ಎಂದು ಬುಟ್ಟಿ ಇಟ್ಟು ಕೂತ ಅಜ್ಜಿಯನ್ನೇ ಕೇಳಬಹುದು. ಕೊಂಕಣಿ ಬಾರದಿದ್ದರೆ ಮರಾಠಿಯಲ್ಲಿ ಕೇಳಿದರೂ ನಡೆಯುತ್ತದೆ. ಅವರೂ ಗುರುತಿಸದ ಗಿಡವನ್ನು ಅಲ್ಲೇ ಬಿಟ್ಟು ಬರುವುದು ಒಳಿತು.