ಡೈನೊ ಹಾಳೆಯ ಅಂಕಿಯನ್ನು ಎಷ್ಟು ನಂಬಬಹುದು?



ಮೂರು ತಿಂಗಳ ಹಿಂದೆ ತಾಳವಾಡಿ ಕಡೆಯ ನಮ್ಮ ಸದಸ್ಯರೊಬ್ಬರು ಫೋನ್ ಮಾಡಿದ್ದರು. ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವವರು. "ಸಾರ್, ಬಣ್ಣಾರಿ ದಾಟಿ ದಿಂಬಂ ಘಟ್ಟ ಹತ್ತುವಾಗ ಗಾಡಿ ಎಳೀತಾನೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಡೈನೊ ಮೇಲೆ ಹತ್ತಿಸಿ ನೋಡಿದ್ರು. 48 ಎಚ್‌ಪಿ ಮಾತ್ರ ಇದೆಯಂತೆ. 22 ಸಾವಿರ ಕೊಟ್ರೆ ರೀಮ್ಯಾಪ್ ಮಾಡಿ 70 ಮಾಡಿಕೊಡ್ತಾರಂತೆ. ಕೊಡಬಹುದಾ?" ಎಂದು ಕೇಳಿದರು. ಗಾಡಿಯ ಸಾಲದಲ್ಲಿ ಇನ್ನೂ 14 ಕಂತು ಬಾಕಿ ಇದೆ ಎಂದೂ ಸೇರಿಸಿದರು.

ನನ್ನನ್ನು ಕೇಳಲು ಕಾರಣವಿತ್ತು. ಹೊಸೂರಿನ ಒಂದು ಕಾರ್ಖಾನೆಯ ಇಂಜಿನ್ ಪರೀಕ್ಷಾ ವಿಭಾಗದಲ್ಲಿ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ನಾನು ಇಂಜಿನಿಯರ್ ಅಲ್ಲ, ಸ್ಪ್ಯಾನರ್ ಹಿಡಿದವನೂ ಅಲ್ಲ. ಡೈನಮೋಮೀಟರಿನಿಂದ ಬಂದ ಅಂಕಿಗಳನ್ನು ರಿಜಿಸ್ಟರಿಗೆ ಏರಿಸುವುದಷ್ಟೇ ನನ್ನ ಕೆಲಸ. ಆದರೆ ಯಾವ ಅಂಕಿಯನ್ನು ಸಾಹೇಬರು ಒಪ್ಪುತ್ತಿದ್ದರು, ಯಾವುದನ್ನು ವಾಪಸ್ ಕಳಿಸುತ್ತಿದ್ದರು ಎಂಬುದು ಚೆನ್ನಾಗಿ ನೆನಪಿದೆ. ಇಂಥ ಪ್ರಶ್ನೆ ಬೇರೆ ಊರುಗಳ ಸದಸ್ಯರಿಂದಲೂ ಬರುತ್ತಿರುವುದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೈನೊ ಎಂದರೇನು?

ಡೈನಮೋಮೀಟರ್ ಎಂದರೆ ಇಂಜಿನ್ ತಿರುಗುವ ಬಲವನ್ನು ಅಳೆಯುವ ಯಂತ್ರ. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ಎಂಬ ಇಂಜಿನಿಯರ್ ತಿರುಗುವ ಅಚ್ಚನ್ನು ಮರದ ತುಂಡುಗಳಿಂದ ಬಿಗಿಹಿಡಿದು, ಅದಕ್ಕೊಂದು ಉದ್ದನೆಯ ಕೈ ಜೋಡಿಸಿ, ಕೈಯ ತುದಿಗೆ ತೂಕ ಕಟ್ಟಿ ಬಲವನ್ನು ಅಳೆದರು. ಅಂದರೆ ಬ್ರೇಕ್ ಹಾಕಿ ಅಳೆದದ್ದು. ಇಂದಿಗೂ ಬಿಎಚ್‌ಪಿ, ಅಂದರೆ 'ಬ್ರೇಕ್ ಹಾರ್ಸ್ ಪವರ್' ಎನ್ನುವುದು ಇದರಿಂದಲೇ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಮರದ ಬದಲು ನೀರಿನ ಪ್ರತಿರೋಧವನ್ನು ಬಳಸಿ ದೊಡ್ಡ ಇಂಜಿನ್‌ಗಳನ್ನು ಅಳೆಯುವ ದಾರಿ ಮಾಡಿದರು.

ಯಂತ್ರ ಮುಖ್ಯವಾಗಿ ಅಳೆಯುವುದು ತಿರುಚುವ ಬಲವನ್ನು, ಅಂದರೆ ಟಾರ್ಕ್ ಅನ್ನು. ಅದರ ಜೊತೆಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಆರ್‌ಪಿಎಂ. ಅಶ್ವಶಕ್ತಿ ಇವೆರಡರಿಂದ ಲೆಕ್ಕ ಹಾಕಿದ್ದು. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅದನ್ನು 1.36ರಿಂದ ಗುಣಿಸಿದರೆ ಪಿಎಸ್.

ನಮ್ಮ ಸದಸ್ಯರ 1.3 ಲೀಟರ್ ಡೀಸೆಲ್ ಗಾಡಿಗೆ ಕಂಪನಿ ಹೇಳಿದ್ದು 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್, 4,000 ಆರ್‌ಪಿಎಂನಲ್ಲಿ 75 ಪಿಎಸ್. ಲೆಕ್ಕ ಹಾಕಿ ನೋಡಿ. 2,000ದಲ್ಲಿ ಶಕ್ತಿ ಸುಮಾರು 54 ಪಿಎಸ್ ಮಾತ್ರ. 4,000ಕ್ಕೆ ಬರುವಾಗ ಟಾರ್ಕ್ 132ರ ಆಸುಪಾಸಿಗೆ ಇಳಿದಿರುತ್ತದೆ, ಶಕ್ತಿ 75ಕ್ಕೆ ಏರಿರುತ್ತದೆ. ಘಟ್ಟದಲ್ಲಿ ನಾವು ಓಡಿಸುವುದು 1,500ರಿಂದ 2,500ರ ನಡುವೆ. ಹಾಗಾಗಿ ಟ್ಯಾಕ್ಸಿಯವರು ಹಾಳೆಯ ತುದಿಯಲ್ಲಿರುವ ದೊಡ್ಡ ಅಂಕಿಯನ್ನಲ್ಲ, ನಡುವಿನ ಟಾರ್ಕ್ ಗೆರೆಯನ್ನು ನೋಡಬೇಕು.

ಇಂಜಿನ್ ಡೈನೊ, ಚಾಸಿ ಡೈನೊ

ಕಾರ್ಖಾನೆಯಲ್ಲಿ ಇಂಜಿನ್ನನ್ನು ಗಾಡಿಗೆ ಕೂರಿಸದೆ ನೇರವಾಗಿ ಯಂತ್ರಕ್ಕೆ ಜೋಡಿಸುತ್ತಾರೆ. ಕಂಪನಿ ಕೊಡುವ 75 ಪಿಎಸ್ ಅಂಥ ಅಂಕಿ. ಗ್ಯಾರೇಜಿನಲ್ಲಿರುವುದು ಚಾಸಿ ಡೈನೊ. ಅಲ್ಲಿ ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಗಾಡಿಯನ್ನು ಬೆಲ್ಟಿನಿಂದ ಕಟ್ಟಿ ಓಡಿಸುತ್ತಾರೆ. ಇಂಜಿನ್ನಿನ ಶಕ್ತಿ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಟೈರ್ ದಾಟಿ ರೋಲರಿಗೆ ಬರುವ ಹೊತ್ತಿಗೆ ಒಂದಷ್ಟು ಕಳೆದುಹೋಗಿರುತ್ತದೆ. ಆದ್ದರಿಂದ ಚಕ್ರದಲ್ಲಿ ಸಿಕ್ಕ ಅಂಕಿ ಕಂಪನಿಯ ಅಂಕಿಗಿಂತ ಕಡಿಮೆ ಇರುವುದು ಸಹಜ. ಅಷ್ಟಕ್ಕೇ ಗಾಡಿ ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ.

ಚಾಸಿ ಡೈನೊದಲ್ಲೂ ಎರಡು ಬಗೆ ಸಾಮಾನ್ಯ. ಒಂದರಲ್ಲಿ ಭಾರವಾದ ರೋಲರನ್ನು ಗಾಡಿ ಎಷ್ಟು ಬೇಗ ತಿರುಗಿಸಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಕೆಲವೇ ಸೆಕೆಂಡಿನ ಓಟ ಅದು. ಇನ್ನೊಂದು ಲೋಡ್ ಡೈನೊ. ಅದರಲ್ಲಿ ವಿದ್ಯುತ್ಕಾಂತದ ಬ್ರೇಕ್ ಇರುತ್ತದೆ. ಗಾಡಿಯನ್ನು 2,000 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ, ಘಟ್ಟ ಹತ್ತುವಾಗಿನ ಹೊರೆಯನ್ನೇ ಅದರ ಮೇಲೆ ಹಾಕಬಹುದು. ದಿಂಬಂ ಘಟ್ಟವನ್ನು ಶೆಡ್ಡಿನೊಳಗೆ ತಂದ ಹಾಗೆ. ಗಾಡಿ ನಿಂತಲ್ಲೇ ದುಡಿಯುತ್ತಿರುತ್ತದೆ, ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಬಹುದು, ಕೇಳಬಹುದು. ಡೈನೊದ ದೊಡ್ಡ ಉಪಯೋಗ ಇದೇ ಎಂಬುದು ನನ್ನ ಅಭಿಪ್ರಾಯ.

ಅಂಕಿ ಎಲ್ಲೆಲ್ಲಿ ಜಾರುತ್ತದೆ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ನಾನು ಬ್ಯಾರೋಮೀಟರ್ ಕಾಲಂ ಖಾಲಿ ಬಿಟ್ಟು ಹಾಳೆ ಕಳಿಸಿದ್ದೆ. ಸಾಹೇಬರು ಕರೆದು, "ಇದು ಲೆಕ್ಕವಲ್ಲಪ್ಪ, ಸುದ್ದಿ" ಎಂದು ವಾಪಸ್ ಕೊಟ್ಟರು. ಇಡೀ ದಿನದ ಪರೀಕ್ಷೆ ಮತ್ತೆ ನಡೆಯಿತು. ಗಾಳಿಯ ಒತ್ತಡ ಎಷ್ಟು ಮುಖ್ಯ ಎಂಬುದು ನನಗೆ ಅಂದು ತಿಳಿಯಿತು.

ಇಂಜಿನ್ ಉಸಿರಾಡುವುದು ಗಾಳಿಯನ್ನು. ಕಾಸರಗೋಡು ಸಮುದ್ರಮಟ್ಟದಲ್ಲಿದೆ. ನಮ್ಮ ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 90ರಷ್ಟು. 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿ ನೀಲಗಿರಿಯಲ್ಲಿ ಮಂಕಾಗುವುದು ಇದರಿಂದಲೇ. ಬಿಸಿಲಿನದೂ ಇದೇ ಕಥೆ. ಸೋಲಾಪುರದ ಮೇ ತಿಂಗಳ 40 ಡಿಗ್ರಿಯ ಗಾಳಿ, 20 ಡಿಗ್ರಿಯ ಗಾಳಿಗಿಂತ ಶೇ 6ರಷ್ಟು ತೆಳು.

ಆದ್ದರಿಂದ ಅಂಕಿಯನ್ನು ಒಂದು ಗೊತ್ತಾದ ಹವೆಗೆ ಹೊಂದಿಸಿ ತಿದ್ದುತ್ತಾರೆ. ಇಲ್ಲೂ ಎಚ್ಚರ ಬೇಕು. ಎಸ್‌ಎಇ ಪದ್ಧತಿಯಲ್ಲಿ 25 ಡಿಗ್ರಿ ಮತ್ತು 990 ಮಿಲಿಬಾರ್, ಹಳೆಯ ಡಿಐಎನ್ ಪದ್ಧತಿಯಲ್ಲಿ 20 ಡಿಗ್ರಿ ಮತ್ತು 1,013 ಮಿಲಿಬಾರ್. ಒಂದೇ ಓಟವನ್ನು ಎರಡು ಪದ್ಧತಿಯಲ್ಲಿ ಬರೆದರೆ ಡಿಐಎನ್ ಅಂಕಿ ಶೇ 2-3ರಷ್ಟು ದೊಡ್ಡದಾಗಿ ಕಾಣುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಎತ್ತರದ ಕೊರತೆಯನ್ನು ಟರ್ಬೊ ತಾನೇ ಬಹುಪಾಲು ತುಂಬಿಕೊಳ್ಳುತ್ತದೆ. ಅದರ ಮೇಲೆ ಎತ್ತರದ ತಿದ್ದುಪಡಿಯನ್ನೂ ಪೂರಾ ಸೇರಿಸಿದರೆ ಗಾಡಿಯಲ್ಲಿಲ್ಲದ ಕುದುರೆಗಳು ಹಾಳೆಯಲ್ಲಿ ಹುಟ್ಟುತ್ತವೆ.

ಇನ್ನು ಸಣ್ಣಪುಟ್ಟ ಕಾರಣಗಳು. ಯಾವ ಗೇರಿನಲ್ಲಿ ಓಡಿಸಿದರು, ಟೈರಿನಲ್ಲಿ ಗಾಳಿ ಎಷ್ಟಿತ್ತು, ಬೆಲ್ಟ್ ಎಷ್ಟು ಬಿಗಿದಿದ್ದರು, ಎದುರಿಗೆ ಫ್ಯಾನ್ ಇತ್ತೇ ಇಲ್ಲವೇ, ಇವೆಲ್ಲ ಅಂಕಿಯನ್ನು ಅಲುಗಿಸುತ್ತವೆ. ಬೆನ್ನುಬೆನ್ನಿಗೆ ಓಡಿಸಿದರೆ ಟರ್ಬೊ ಗಾಡಿ ಬಿಸಿಯಾಗಿ ಮೂರನೆಯ ಓಟದಲ್ಲಿ ಕಡಿಮೆ ತೋರಿಸಬಹುದು. ಕಾದ ಗಾಡಿಯ ಓಟವನ್ನು 'ಮೊದಲು' ಎಂದೂ, ಆರಿಸಿದ ಗಾಡಿಯ ಓಟವನ್ನು 'ನಂತರ' ಎಂದೂ ತೋರಿಸಿದರೆ ಏನೂ ಮಾಡದೆಯೇ ಶಕ್ತಿ ಹೆಚ್ಚಿದಂತೆ ಕಾಣುತ್ತದೆ.

ಹಾಗಾದರೆ ಡೈನೊ ಸುಳ್ಳೇ? ಅಲ್ಲ. ಅದೊಂದು ತಕ್ಕಡಿ. ಎರಡು ಅಂಗಡಿಯ ತಕ್ಕಡಿಗಳು ಒಂದೇ ಮೂಟೆಗೆ ಬೇರೆ ಬೇರೆ ತೂಕ ತೋರಿಸಬಹುದು. ಆದರೆ ಒಂದೇ ತಕ್ಕಡಿಯಲ್ಲಿ, ಒಂದೇ ದಿನ, ಒಂದೇ ಕ್ರಮದಲ್ಲಿ ಎರಡು ಸಲ ತೂಗಿದರೆ ಆ ಎರಡು ತೂಕಗಳ ವ್ಯತ್ಯಾಸವನ್ನು ನಂಬಬಹುದು. ಡೈನೊದಲ್ಲಿ ಬೆಲೆ ಇರುವುದು ಒಂಟಿ ಅಂಕಿಗಲ್ಲ, ಆ ವ್ಯತ್ಯಾಸಕ್ಕೆ.

ತಾಳವಾಡಿ ಗಾಡಿಗೆ ಏನಾಯಿತು?

ಸದಸ್ಯರು ಕಳಿಸಿದ ಹಾಳೆಯ ಫೋಟೊ ನೋಡಿದೆ. ಉಷ್ಣಾಂಶ ಇಲ್ಲ, ಒತ್ತಡ ಇಲ್ಲ, ಗೇರ್ ಇಲ್ಲ. ಇದ್ದದ್ದು ಒಂದೇ ಓಟ. ನಮ್ಮ ಸಾಹೇಬರ ಮಾತು ನೆನಪಾಯಿತು. ದುಡ್ಡು ಕೊಡಬೇಡಿ ಎಂದು ಹೇಳಿ, ನನ್ನ ಜೊತೆ ನಿವೃತ್ತರಾದ ಪರೀಕ್ಷಾ ವಿಭಾಗದ ಇಂಜಿನಿಯರೊಬ್ಬರನ್ನು ವಿಚಾರಿಸಿದೆ. "ಎಳೆಯದ ಗಾಡಿಗೆ ಮೊದಲು ರೋಗ ಹುಡುಕಬೇಕು. ಆಮೇಲೆ ಟಾನಿಕ್ಕು" ಎಂದರು ಅವರು.

ಮುಂದಿನ ಸಲ ಬಾಡಿಗೆಯ ಮೇಲೆ ಬೆಂಗಳೂರಿಗೆ ಬಂದಾಗ ಸದಸ್ಯರು ಲೋಡ್ ಡೈನೊ ಇರುವ ಕಾರ್ಯಾಗಾರಕ್ಕೆ ಹೋದರು. ನಾನೂ ಹೊಸೂರಿನಿಂದ ಬಸ್ಸು ಹತ್ತಿ ಹೋಗಿದ್ದೆ. ನಾಲ್ಕನೆಯ ಗೇರಿನಲ್ಲಿ ಮೂರು ಓಟ ಮಾಡಿದರು. ಚಕ್ರದಲ್ಲಿ 52, 52, 51 ಬಂತು. ಮೊದಲ ಗ್ಯಾರೇಜು ಹೇಳಿದ್ದು 48. ಗಾಡಿ ಅದೇ, ದೋಷವೂ ಅದೇ, ತಕ್ಕಡಿ ಮಾತ್ರ ಬೇರೆ. ಜೊತೆಗೆ ಟರ್ಬೊ ಒತ್ತಡದ ಗೆರೆಯನ್ನೂ ತೆಗೆದರು. ಅದು ಇರಬೇಕಾದ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಆಮೇಲೆ 2,000 ಆರ್‌ಪಿಎಂನಲ್ಲಿ ಹೊರೆ ಹಾಕಿ ನಿಲ್ಲಿಸಿದಾಗ ಬಾನೆಟ್ ಒಳಗಿಂದ 'ಉಸ್' ಎಂಬ ಸದ್ದು ಕೇಳಿಸಿತು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗ ಸೀಳಿತ್ತು. ಸುಮ್ಮನೆ ನಿಂತಾಗ ಆ ಸೀಳು ಬಾಯಿ ಬಿಡುತ್ತಿರಲಿಲ್ಲ. ಹೊರೆ ಬಿದ್ದಾಗ ಮಾತ್ರ ಬಿಡುತ್ತಿತ್ತು. ಹಿಂದೆ ನೋಡಿದ ಇಬ್ಬರು ಮೆಕ್ಯಾನಿಕ್‌ಗಳಿಗೆ ಅದು ಸಿಗದಿದ್ದುದು ಇದರಿಂದಲೇ.

ಹೋಸು, ಕ್ಲ್ಯಾಂಪು ಹೊಸದು ಹಾಕಿ, ಮಧ್ಯಾಹ್ನ ಅದೇ ಯಂತ್ರದಲ್ಲಿ, ಅದೇ ಗೇರಿನಲ್ಲಿ ಮತ್ತೆ ಮೂರು ಓಟ. 63, 63, 62. ಪರೀಕ್ಷೆಗೆ 4,000, ಸಾಮಾನಿಗೆ 1,900, ಒಟ್ಟು 5,900 ರೂಪಾಯಿ. ರೀಮ್ಯಾಪಿನ ಮಾತು ಅಲ್ಲಿಗೆ ನಿಂತಿತು.

ಆ ಸೀಳು ಹಾಗೇ ಇರುವಾಗ ರೀಮ್ಯಾಪ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಇಂಜಿನಿಯರ್ ಸ್ನೇಹಿತರನ್ನು ಕೇಳಿದೆ. ಡೀಸೆಲ್ ಹೆಚ್ಚು ಹೋಗುತ್ತದೆ, ಗಾಳಿ ಇರುವುದಿಲ್ಲ. ಕರಿ ಹೊಗೆ ಬರುತ್ತದೆ, ಶಾಖ ಏರುತ್ತದೆ, ಕೊನೆಗೆ ಟರ್ಬೊಗೇ ಕುತ್ತು ಎಂದರು. ಘಟ್ಟದ ನಡುವೆ ಗಾಡಿ ನಿಂತಿದ್ದರೆ ಬಾಡಿಗೆಯೂ ಹೋಯಿತು, ಕಂತೂ ತಪ್ಪಿತು.

ಡೈನೊ ಹೇಳಲಾರದ್ದು

ಬ್ರೇಕ್ ಹಿಡಿಯುತ್ತದೆಯೇ, ತಿರುವಿನಲ್ಲಿ ಟೈರ್ ನಿಲ್ಲುತ್ತದೆಯೇ, ಹೆಚ್ಚಿಸಿದ ಶಕ್ತಿಯನ್ನು ಕ್ಲಚ್ಚು ಎಷ್ಟು ದಿನ ತಾಳುತ್ತದೆ, ಇದನ್ನು ಪವರ್ ಹಾಳೆ ಹೇಳುವುದಿಲ್ಲ. ಮೈಲೇಜಿನದೂ ಹಾಗೆಯೇ. ಕಂಪನಿ ಹೇಳುವ ಮೈಲೇಜು ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಚಾಸಿ ಡೈನೊ ಮೇಲೆ, ನಿಗದಿತ ವೇಗದ ಕ್ರಮದಲ್ಲಿ ಓಡಿಸಿ ಪಡೆದದ್ದು. ಗಾಡಿ ಗಾಡಿಗಳ ನಡುವೆ ಹೋಲಿಸಲು ಅದು ಯೋಗ್ಯ. ನಮ್ಮ ಊರಿನ ರಸ್ತೆಯಲ್ಲಿ ಅಷ್ಟೇ ಸಿಗಬೇಕೆಂದು ಜಗಳ ಮಾಡಲು ಅಲ್ಲ.

ರೀಮ್ಯಾಪ್ ಮಾಡಿಸುವವರು ಇನ್ನೊಂದು ವಿಷಯ ಗಮನಿಸಬೇಕು. ವಾರಂಟಿ ಹೋಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ವಾಹನದ ಮೂಲ ವಿವರಗಳನ್ನು ಬದಲಿಸುವುದಕ್ಕೆ ಮಿತಿ ಹಾಕಿದೆ. ವಿಮೆಯ ಕಾಗದವನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಡೈನೊಗೆ ಹೋಗುವ ಸದಸ್ಯರು ಕೇಳಬೇಕಾದ್ದು

1. ಅಂಕಿ ಚಕ್ರದಲ್ಲಿ ಸಿಕ್ಕಿದ್ದೇ, ಇಂಜಿನ್ನಿಗೆ ಅಂದಾಜು ಮಾಡಿದ್ದೇ?
2. ಪಿಎಸ್, ಬಿಎಚ್‌ಪಿ, ಕಿಲೋವ್ಯಾಟ್‌ಗಳಲ್ಲಿ ಯಾವುದು? 75 ಪಿಎಸ್, 74 ಬಿಎಚ್‌ಪಿ, 55 ಕಿಲೋವ್ಯಾಟ್ ಮೂರೂ ಹೆಚ್ಚುಕಡಿಮೆ ಒಂದೇ.
3. ಯಾವ ತಿದ್ದುಪಡಿ ಪದ್ಧತಿ? ಉಷ್ಣಾಂಶ, ಒತ್ತಡ ಹಾಳೆಯಲ್ಲಿ ಇದೆಯೇ?
4. ಯಾವ ಗೇರ್? ಕನಿಷ್ಠ ಮೂರು ಓಟ ಆಗಿದೆಯೇ, ಮೂರೂ ಹತ್ತಿರ ಹತ್ತಿರ ಇವೆಯೇ?
5. ಕೆಲಸಕ್ಕೆ ಮೊದಲೂ ನಂತರವೂ ಅದೇ ಯಂತ್ರ, ಅದೇ ದಿನ, ಅದೇ ಕ್ರಮವೇ?
6. ಏರ್ ಫಿಲ್ಟರ್, ಹೋಸು, ಡೀಸೆಲ್ ಫಿಲ್ಟರ್, ಕ್ಲಚ್ಚು ಮೊದಲೇ ನೋಡಿದ್ದಾರೆಯೇ?

ಈ ಆರಕ್ಕೂ ಬೇಸರವಿಲ್ಲದೆ ಉತ್ತರ ಕೊಡುವ ಗ್ಯಾರೇಜಿನವರ ಕೈಯಲ್ಲಿ ಡೈನೊ ಬಹಳ ಉಪಯೋಗದ ಯಂತ್ರ. ಉತ್ತರ ಕೊಡದವರ ಕೈಯಲ್ಲಿ ಅದು ಬಿಲ್ ಬರೆಯಲು ಒಂದು ನೆಪ.

ಯಾರ ಬಳಿಯಾದರೂ ಅರ್ಥವಾಗದ ಡೈನೊ ಹಾಳೆ ಇದ್ದರೆ ಮುಂದಿನ ಮಾಸಿಕ ಸಭೆಗೆ ತನ್ನಿ, ಒಟ್ಟಿಗೆ ಕೂತು ನೋಡೋಣ. ತಾಳವಾಡಿಯ ಸದಸ್ಯರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಐದು ಜನರನ್ನು ಕೂರಿಸಿಕೊಂಡು ದಿಂಬಂ ಹತ್ತಿದರಂತೆ. ಗಾಡಿ ಚೆನ್ನಾಗಿ ಎಳೆಯುತ್ತಿದೆ, ಈ ತಿಂಗಳ ಕಂತೂ ಕಟ್ಟಿಯಾಯಿತು ಎಂದರು.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ