ನಿಮಗಿದು ಗೊತ್ತೇ? ಕಿರುಗಾವಲಿನಿಂದ ಹೊರದೇಶಕ್ಕೆ ಇಂಗ್ಲಿಷ್ ಮೇಷ್ಟ್ರು

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಹೋಗುವವರಿಗೆ ಇ-2 ಎಂಬ ವೀಸಾ ಉಂಟು. ಅದರ ಮಾಮೂಲಿ ಪಟ್ಟಿಯಲ್ಲಿರುವುದು ಏಳೇ ದೇಶ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಾವಿಲ್ಲ. ಆದರೂ ನಮಗೊಂದು ಬಾಗಿಲು ತೆರೆದಿದೆ. 2010ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತ–ಕೊರಿಯಾ ಆರ್ಥಿಕ ಒಪ್ಪಂದದ ಪ್ರಕಾರ, ಪದವಿಯ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತೆಯೂ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಮಂಡ್ಯ ಜಿಲ್ಲೆಯ ಕಿರುಗಾವಲು, ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಬಿ.ಇಡಿ. ಮುಗಿಸಿ ಅರೆಸಂಬಳಕ್ಕೆ ಪಾಠ ಹೇಳುತ್ತಿರುವವರ ಕಿವಿಗೆ ಈ ಸುದ್ದಿ ಬಿದ್ದಿರಬೇಕಿತ್ತು.

ಜಪಾನ್ ಹೀಗೆ ದೇಶಗಳ ಹೆಸರು ಹಿಡಿದು ಕೂರುವುದಿಲ್ಲ. ಅಲ್ಲಿನ ಶಾಲಾ ಬೋಧಕರ ವೀಸಾ ನಿಯಮ ಕೇಳುವುದು ಬೇರೆಯದನ್ನು: ನೀವು ಕಲಿಸುವ ಭಾಷೆಯಲ್ಲೇ ನಿಮ್ಮ ವಿದ್ಯಾಭ್ಯಾಸ 12 ವರ್ಷ ನಡೆದಿರಬೇಕು. ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಲೆಕ್ಕ ಹಾಕಿ, ಸರಿಯಾಗಿ ಹನ್ನೆರಡು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ ನಿಜ, ಆದರೆ ಅದು ಒಂದು ವಿಷಯವಾಗಿ. ಈ ಲೆಕ್ಕಕ್ಕೆ ಸಾಲದು. 2019–20ರಲ್ಲಿ ಸರ್ಕಾರಿ ಶಾಲೆಗಳ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಒಂದನೇ ತರಗತಿಗೆ ಸೇರಿದ ಮಕ್ಕಳು ಅದೇ ಮಾಧ್ಯಮದಲ್ಲಿ ಮುಂದುವರಿದರೆ ಹನ್ನೆರಡು ವರ್ಷ ತುಂಬುವುದು 2031ಕ್ಕೆ.

ಚೀನಾ ಇನ್ನೂ ಬಿಗಿ. ಇಂಗ್ಲಿಷ್ ತಾಯ್ನುಡಿಯಾಗಿರುವ ದೇಶದವರೇ ಬೇಕು, ಮೇಲೆ ಪದವಿಯೂ ಬೇಕು ಎನ್ನುವುದು ಅಲ್ಲಿನ ಸಾಮಾನ್ಯ ನಿಯಮ. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ಬೆಳ್ಳೂರು ಮನೆತನದ ಬಿ.ಎಂ.ಶ್ರೀ, ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾವ್ ಇಬ್ಬರೂ ಇಂಗ್ಲಿಷ್ ಪ್ರಾಧ್ಯಾಪಕರು. ಎರಡೂ ಊರು ಇಂದಿನ ಮಂಡ್ಯ ಜಿಲ್ಲೆಯವು. ಈ ನಿಯಮದ ಮುಂದೆ ಆ ಇಬ್ಬರು ಮಹನೀಯರೂ ಅನರ್ಹರು!

ಕೇಂಬ್ರಿಜ್‌ನ ‘ಸೆಲ್ಟಾ’ ಎಂಬ ಇಂಗ್ಲಿಷ್ ಬೋಧನಾ ಪ್ರಮಾಣಪತ್ರಕ್ಕೆ ಕನಿಷ್ಠ 120 ಗಂಟೆಗಳ ತರಬೇತಿ, ಅದರೊಳಗೇ ತರಬೇತುದಾರರ ಕಣ್ಣೆದುರು ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಲೇಬೇಕು. ಮೊಬೈಲಿನಲ್ಲೇ ಮುಗಿಯುವ ಅಗ್ಗದ ‘120 ಗಂಟೆ’ ಕೋರ್ಸುಗಳಲ್ಲಿ ಈ ಆರು ಗಂಟೆ ಇರುವುದಿಲ್ಲ. ನಮ್ಮ ಬಿ.ಇಡಿ.ಯಂತೂ 2015ರಿಂದ ಎರಡು ವರ್ಷದ್ದು, ಶಾಲೆಯಲ್ಲಿ ನಿಂತು ಪಾಠ ಮಾಡುವ ತಿಂಗಳುಗಟ್ಟಲೆ ಅಭ್ಯಾಸ ಅದರೊಳಗೇ ಇದೆ. ಕೈಯಲ್ಲಿರುವ ಬಿ.ಇಡಿ.ಯನ್ನು ಕಡೆಗಣಿಸಿ ಅಂಥ ಮೊಬೈಲ್ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಇಂಗ್ಲೆಂಡಿನ ಸಂಗತಿ ಕೇಳಿದರೆ ಆಶ್ಚರ್ಯವಾದೀತು. 2023ರ ಫೆಬ್ರವರಿಯಲ್ಲಿ ಭಾರತದ ಶಿಕ್ಷಕರಿಗೂ ಅಲ್ಲಿನ ಶಿಕ್ಷಕ ಮಾನ್ಯತೆಗೆ ನೇರ ಅರ್ಜಿ ಹಾಕುವ ಅವಕಾಶ ತೆರೆಯಿತು. ಆದರೆ ಆಗ ಕರೆದದ್ದು ಗಣಿತ, ವಿಜ್ಞಾನ ಮತ್ತು ಅನ್ಯಭಾಷೆಗಳ ಶಿಕ್ಷಕರನ್ನು. ಮಂಡ್ಯದ ಗಣಿತ ಮೇಷ್ಟ್ರಿಗೆ ಅಲ್ಲಿದ್ದ ದಾರಿ ಇಂಗ್ಲಿಷ್ ಮೇಷ್ಟ್ರಿಗೆ ಇರಲಿಲ್ಲ.

ಇಷ್ಟೆಲ್ಲ ಅರ್ಹತೆಯಿದ್ದೂ ನಮ್ಮವರು ಮುಗ್ಗರಿಸುವ ಜಾಗ ಯಾವುದು ಗೊತ್ತೇ? ಇನಿಷಿಯಲ್ಲು! ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ‘ಕೆ.ಎಂ.’ ಇರುತ್ತದೆ, ‘ಕೆ’ ಅಂದರೆ ಕಿರುಗಾವಲು, ‘ಎಂ’ ಅಂದರೆ ಅಪ್ಪನ ಹೆಸರು. ಪದವಿ ಪತ್ರದಲ್ಲಿ ಅದೇ ಇನಿಷಿಯಲ್ಲು ಹೆಸರಿನ ಮುಂದಕ್ಕೆ ಹೋಗಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತೆಯೇ ಇಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ಊರು ಕುಲನಾಮವಾಗುತ್ತದೆ, ಇಲ್ಲವೇ ಅಪ್ಪನ ಹೆಸರು ಮಗಳ ಹೆಸರಿಗೆ ಅಂಟಿಕೊಳ್ಳುತ್ತದೆ. ಆಗ ಸಿಯೋಲಿನಲ್ಲೋ ದುಬೈಯಲ್ಲೋ ಕೂತ ಅಧಿಕಾರಿಗೆ ಮೂರು ಕಾಗದದಲ್ಲಿ ಮೂವರು ಕಾಣುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕವೇ ಮಂಡಳಿಗೆ ಹೋಗಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಹೈಸ್ಕೂಲು ಮೇಷ್ಟ್ರುಗಳಲ್ಲಿ ನನ್ನ ಕಳಕಳಿಯ ವಿನಂತಿ: ಹತ್ತನೇ ತರಗತಿಯ ಪರೀಕ್ಷಾ ಅರ್ಜಿ ತುಂಬುವ ದಿನ ಮಕ್ಕಳ ಹೆಸರನ್ನು ಆಧಾರ್‌ಗೆ ಹೋಲಿಸಿ ನೋಡಿ, ಆಧಾರ್‌ನಲ್ಲೇ ತಪ್ಪಿದ್ದರೆ ಅಪ್ಪ-ಅಮ್ಮನನ್ನು ಕರೆಸಿ ಹೇಳಿ.

ಪದವಿ ಪತ್ರಕ್ಕೆ ಹಲವು ಹೊರದೇಶಗಳಲ್ಲಿ ಬೆಲೆ ಬರಬೇಕಾದರೆ, ಅದು ಅಸಲಿ ಎಂದು ದೃಢೀಕರಿಸುವ ‘ಅಪೊಸ್ಟಿಲ್’ ಮುದ್ರೆ ಬೇಕು. ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ ಬರೀ 50 ರೂಪಾಯಿ. ಅದರ ಮೇಲೆ ಮಧ್ಯದವರ ಸೇವಾ ಶುಲ್ಕ ಬೇರೆ. ಭಾರತ ಈ ವ್ಯವಸ್ಥೆಗೆ ಸೇರಿದ್ದು 2005ರಲ್ಲಿ.

ಇನ್ನು ಪಾಸ್‌ಪೋರ್ಟ್. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಒಂದು ನಮ್ಮ ಮೈಸೂರು, 2017ರ ಜನವರಿ 25ರಂದು. ಇನ್ನೊಂದು ಗುಜರಾತಿನ ದಾಹೋದ್. ಹೊರದೇಶದ ಕೆಲಸಕ್ಕೆ ಕೇಳುವ ಪೊಲೀಸ್ ನಿರಾಕ್ಷೇಪಣಾ ಪತ್ರಕ್ಕೂ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು.

ಇನ್ನು ಏಜೆಂಟರು. ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿ, ರಸೀದಿಗೆ ಹಿಂದೆಮುಂದೆ ನೋಡುವವನ ಹತ್ತಿರ ಮಾತೇ ಬೇಡ. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ’ ಎಂಬ ಮಾತನ್ನಂತೂ ನಂಬಲೇಬೇಡಿ. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸವೆಂದು ನಂಬಿ ಹೋದ ಭಾರತದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚಕರ ಕೈಗೆ ಒಪ್ಪಿಸಿದ್ದರ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಹಣದ ಮಾತು ಆಮೇಲೆ.