ಗುಗ್ಗೆಯೂ ಕಡ್ಡಿಯೂ

ತನ್ನನ್ನು ತಾನೇ ಗುಡಿಸಿಕೊಳ್ಳುವ ಅಂಗ ದೇಹದಲ್ಲಿ ಯಾವುದೆಂದು ಕೇಳಿದರೆ ಕಣ್ಣೆಂದು ಹೇಳುವವರು ಹಲವರು. ಕಿವಿಯೆಂದು ಹೇಳುವವರು ವಿರಳ. ಇದನ್ನರಿಯದ ಕಾರಣದಿಂದಲೇ ಕಿವಿಯ ಕಸ ತೆಗೆಯುವ ಭಾರವನ್ನು ನಾವು ತಲೆಯ ಮೇಲೆ ಹೊತ್ತುಕೊಂಡಿದ್ದೇವೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಕಾರ್ಯಕ್ಕೆ ಬಳಕೆಯಾಗುವ ಆಯುಧಗಳನ್ನು ಒಮ್ಮೆ ಎಣಿಸಿ ನೋಡಿದೆ: ಬೆಂಕಿಕಡ್ಡಿ, ಪೊರಕೆಕಡ್ಡಿ, ಬಾಲ್‌ಪೆನ್ನಿನ ರೀಫಿಲ್ಲು, ಪೆನ್ನಿನ ಮುಚ್ಚಳದ ಕೊಕ್ಕೆ, ಬೈಕಿನ ಬೀಗದಕೈ, ಇವೆಲ್ಲಕ್ಕೂ ಮೇಲಾಗಿ ಅಂಗಡಿಯಲ್ಲಿ ಡಬ್ಬಿಯಲ್ಲಿ ದೊರೆಯುವ, ಎರಡೂ ತುದಿಗೆ ಹತ್ತಿ ಸುತ್ತಿದ ಕಡ್ಡಿ. ವಿದ್ಯಾರ್ಥಿನಿಯರ ನಿಲಯದಲ್ಲಿ ಹೇರ್‌ಪಿನ್ನೂ ಸೇರುತ್ತದೆಂದು ನನ್ನ ತಂಗಿಯ ವರದಿ. ಹತ್ತಿಯ ಕಡ್ಡಿಯೊಂದು ಮಾತ್ರ ನಾಗರಿಕವಾದುದು, ಉಳಿದುವು ಒರಟು ಎಂಬ ಭಾವನೆ ಎಲ್ಲರಲ್ಲಿಯೂ ಇದೆ. ನಾನು ಇತಿಹಾಸದ ವಿದ್ಯಾರ್ಥಿಯೇ ಹೊರತು ವೈದ್ಯನಲ್ಲ. ಆದರೂ ಈ ವಿಷಯವನ್ನು ಓದಿ, ಕೇಳಿ ತಿಳಿಯಬೇಕಾಗಿ ಬಂದಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಹೊರಗಿವಿಯ ತೂತಿನಿಂದ ತಮಟೆಯವರೆಗಿನ ಓಣಿ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರು ಉದ್ದ. ಗುಗ್ಗೆ ಹುಟ್ಟುವುದು ಈ ಓಣಿಯ ಹೊರಗಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ. ಅಲ್ಲಿನ ಗ್ರಂಥಿಗಳ ಜಿಡ್ಡಿಗೆ ಉದುರಿದ ಚರ್ಮದ ಹೊಟ್ಟೂ ಧೂಳೂ ಬೆರೆತು ಅದು ಸಿದ್ಧವಾಗುತ್ತದೆ. ಅದು ಕೊಳೆಯಲ್ಲ, ಕಾವಲು. ಅದರ ಜಿಡ್ಡು ನೀರನ್ನು ಅಂಟಗೊಡುವುದಿಲ್ಲ; ಅದರ ಆಮ್ಲಗುಣ ಬೂಷ್ಟು, ಬ್ಯಾಕ್ಟೀರಿಯಗಳನ್ನು ಸುಲಭವಾಗಿ ಬೆಳೆಯಗೊಡುವುದಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, ತಮಟೆಯ ಮೇಲಿನ ಚರ್ಮ ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ ಓಣಿಯುದ್ದಕ್ಕೂ ಹೊರಕ್ಕೆ ಸರಿಯುತ್ತಿರುತ್ತದೆ. ನಾವು ಊಟ ಮಾಡುವಾಗ, ಹರಟೆ ಹೊಡೆಯುವಾಗ ದವಡೆಯ ಅಲುಗಾಟ ಆ ಕೆಲಸಕ್ಕೆ ನೆರವಾಗುತ್ತದೆ. ಹರಟೆಯಿಂದ ಒಂದು ಪ್ರಯೋಜನವಾದರೂ ಉಂಟೆಂದು ಸಂತೋಷಪಡಬಹುದು! ಹೀಗಿರಲಾಗಿ, ಓಣಿಯ ಒಳತುದಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿದ್ದರೆ ಅದನ್ನು ಅಲ್ಲಿಗೆ ನೂಕಿದುದು ಬಹುಮಟ್ಟಿಗೆ ಕಡ್ಡಿಯೇ. ಹಳೆಯ ಕಾಲದ ಬಂದೂಕಿಗೆ ಮದ್ದು ಗಿಡಿದಂತೆ, ತೆಗೆಯುತ್ತಿದ್ದೇವೆಂಬ ಭ್ರಮೆಯಲ್ಲಿ ತುಂಬುತ್ತಿರುತ್ತೇವೆ. ಹತ್ತಿಯ ತುದಿಗೆ ಹಳದಿ ಅಂಟಿದುದನ್ನು ಕಂಡು ತೃಪ್ತಿಪಡುವವರು ಅಂಟದೆ ಒಳಗೆ ಹೋದುದನ್ನು ಕಾಣುವುದಿಲ್ಲ.

ಗುಗ್ಗೆ ಕೆಲವರಲ್ಲಿ ಹಸಿ, ಕೆಲವರಲ್ಲಿ ಒಣಕಲು. ಇದಕ್ಕೆ ಕಾರಣ ಒಂದೇ ಒಂದು ಜೀನಿನ ವ್ಯತ್ಯಾಸವೆಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಆದುದರಿಂದ ಯಾರ ಕಿವಿ ಹೆಚ್ಚು ಕೊಳಕೆಂದು ಕೋಣೆಯವರು ಪರಸ್ಪರ ಹಂಗಿಸುವುದು ವ್ಯರ್ಥ.

ಹತ್ತಿಯ ಕಡ್ಡಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದುದು 1923ರಲ್ಲಿ, ಲಿಯೋ ಗರ್ಸ್ಟೆನ್‌ಜಾಂಗ್ ಎಂಬುವರಿಂದ. ಹೆಂಡತಿ ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಕೂಸಿನ ಮೈ ಶುಚಿ ಮಾಡುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂಬುದು ಕಥೆ. ಆ ದೇಶದಲ್ಲಿ 1990ರಿಂದ 2010ರವರೆಗೆ ಇದೇ ಕಡ್ಡಿಯಿಂದ ಕಿವಿಗೆ ಗಾಯವಾಗಿ ತುರ್ತು ಚಿಕಿತ್ಸೆಗೆ ಬಂದ ಮಕ್ಕಳು ಸುಮಾರು 2,63,000 ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದರೆ ದಿನಕ್ಕೆ ಸುಮಾರು 34 ಮಕ್ಕಳು. ಅವರಲ್ಲಿ ಮುಕ್ಕಾಲು ಪಾಲು ಗಾಯಗೊಂಡುದು ಕಿವಿ ಶುಚಿ ಮಾಡುವಾಗ. ನಾಗರಿಕವಾದ ಕಡ್ಡಿಯ ವಿಷಯ ಇಷ್ಟು.

ಇನ್ನು ನಾನು ಕಂಡ ಘಟನೆ. ಕಳೆದ ವರ್ಷ ನಮ್ಮ ಪಕ್ಕದ ಕೋಣೆಯ ಗೆಳೆಯನೊಬ್ಬ ಬಾಗಿಲ ಬಳಿ ಕುಳಿತು ರೀಫಿಲ್ಲಿನಿಂದ ಎಡಗಿವಿ ಕೆರೆದುಕೊಳ್ಳುತ್ತಿದ್ದ. ಹೊರಗಿನಿಂದ ಯಾರೋ ಬಾಗಿಲು ನೂಕಿದರು. ಬಾಗಿಲು ಮೊಣಕೈಗೆ ತಗುಲಿತು. ತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಒಂದೆರಡು ತೊಟ್ಟು ರಕ್ತ ಬಂದಿತು. ಆದರೆ ನಮ್ಮನ್ನು ಹೆದರಿಸಿದುದು ರಕ್ತವಲ್ಲ; ಅವನು ಏಳಲು ಹೋಗಿ ಕುಸಿದುದು, ಕೋಣೆ ಸುತ್ತುತ್ತಿದೆಯೆಂದು ಮಂಚ ಹಿಡಿದುಕೊಂಡು ವಾಂತಿ ಮಾಡಿದುದು. ಅಡಿಗೆಯವರು ಒಳ್ಳೆಯ ಮನಸ್ಸಿನಿಂದಲೇ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸತೊಡಗಿದ್ದರು. ನಿಲಯಪಾಲಕರು ಬೇಡವೆಂದು ತಡೆದು ಆಟೋ ತರಿಸಿದರು. ಹರಿದ ತಮಟೆಯ ಮೂಲಕ ಎಣ್ಣೆ ನಡುಗಿವಿಗೆ ಇಳಿದಿದ್ದರೆ ಮತ್ತಷ್ಟು ಕೇಡಾಗುತ್ತಿತ್ತೆಂದು ವೈದ್ಯರು ಆಮೇಲೆ ಹೇಳಿದರು.

ತಲೆ ಏಕೆ ಸುತ್ತಿತು? ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪುಗಳನ್ನು ಹೋಲುವ ಮೂರು ಪುಟ್ಟ ಮೂಳೆಗಳಿವೆ. ರಿಕಾಪಿನಂಥದರ ಎತ್ತರ ಸುಮಾರು 3 ಮಿಲಿಮೀಟರು. ದೇಹದಲ್ಲಿ ಅದಕ್ಕಿಂತ ಚಿಕ್ಕ ಮೂಳೆಯಿಲ್ಲ. ಅದರ ಪಾದ ಒಳಗಿವಿಯ ಕಿಂಡಿಯೊಂದರ ಮೇಲೆ ಕುಳಿತಿರುತ್ತದೆ. ಕಡ್ಡಿಯ ನೂಕಿಗೆ ಆ ಪಾದ ಜರುಗಿದರೆ ಒಳಗಿವಿಯ ದ್ರವ ಸೋರಬಹುದು. ಕೇಳುವ ಶಂಖವೂ ದೇಹದ ಸಮತೋಲ ನೋಡಿಕೊಳ್ಳುವ ಅರ್ಧವೃತ್ತಾಕಾರದ ನಾಳಗಳೂ ಅಲ್ಲಿ ಒಂದೇ ಮನೆಯವು. ತಮಟೆಯ ತೂತು ನೀರು ತಾಕದಂತೆ ನೋಡಿಕೊಂಡರೆ ಹೆಚ್ಚಿನ ಪಾಲು ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಶಂಖದೊಳಗಿನ ರೋಮಕೋಶಗಳ ಮಾತು ಬೇರೆ. ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟಿರುವ ಅವು ಮನುಷ್ಯರಲ್ಲಿ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಗೆಳೆಯನ ತಮಟೆ ಎರಡು ತಿಂಗಳಲ್ಲಿ ಕೂಡಿತು. ಆದರೆ ಆ ಕಿವಿಗೆ ಏರುಶ್ರುತಿಯ ಸದ್ದುಗಳು ಇಂದಿಗೂ ಕೇಳುವುದಿಲ್ಲ. ತರಗತಿಯಲ್ಲಿ ಅವನು ಎಡಗೋಡೆಗೆ ಒತ್ತಿ ಕುಳಿತುಕೊಳ್ಳುವುದು ಬಲಗಿವಿ ಅಧ್ಯಾಪಕರ ಕಡೆಗಿರಲೆಂದು. ಅದನ್ನು ಸೊಕ್ಕೆಂದು ಭಾವಿಸಿದವರೂ ಇದ್ದಾರೆ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

ಆ ವೈದ್ಯರು ತೋರಿಸಿಕೊಟ್ಟ ಪರೀಕ್ಷೆಯೊಂದನ್ನು ಓದುಗರು ಈಗಲೇ ಮಾಡಿ ನೋಡಬಹುದು. ಬಾಯಿ ಮುಚ್ಚಿಕೊಂಡು ಮೆಲ್ಲನೆ ಗುಂಯ್‌ಗುಟ್ಟಿ, ಒಂದು ಕಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿರಿ. ಸದ್ದು ಮುಚ್ಚಿದ ಕಿವಿಯಲ್ಲಿಯೇ ಹೆಚ್ಚಾಗಿ ಕೇಳುತ್ತದೆ! ತಲೆಬುರುಡೆಯ ಮೂಲಕ ಬಂದ ದನಿ ಅಲ್ಲಿ ಹೊರಗೆ ಹೋಗಲಾರದು. ಹೊರಗಿನ ಗದ್ದಲವೂ ಒಳಗೆ ಬಾರದು. ಜರ್ಮನಿಯ ವೇಬರ್ 1834ರಲ್ಲಿ ವರ್ಣಿಸಿದ ಈ ತತ್ತ್ವವನ್ನೇ ವೈದ್ಯರು ಶ್ರುತಿಕವೆಯನ್ನು ಹಣೆಗಿಟ್ಟು ಬಳಸುತ್ತಾರೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದಾಗ ಗುಂಯ್‌ಕಾರ ಆ ಮಂದಗಿವಿಯತ್ತ ವಾಲಿದರೆ ಅಡ್ಡಿ ಬಹುಶಃ ದಾರಿಯಲ್ಲಿದೆ: ಗುಗ್ಗೆಯೋ, ತೂತೋ. ಅದು ಒಳ್ಳೆಯ ಕಿವಿಯತ್ತ ವಾಲಿದರೆ ಕೆಟ್ಟಿರುವುದು ಒಳಗಿವಿ ಅಥವಾ ನರ ಇರಬಹುದು. ಆಗ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ತಲೆಸುತ್ತಿದ್ದರಂತೂ ಯಾವ ಪರೀಕ್ಷೆಯೂ ಬೇಕಿಲ್ಲ, ಹೊರಟುಬಿಡಬೇಕು.

ಗುಗ್ಗೆ ನಿಜವಾಗಿಯೂ ಕಟ್ಟಿಕೊಂಡರೆ ವೈದ್ಯರು ಅದನ್ನು ತೊಟ್ಟುಮದ್ದಿನಿಂದ ಮೆದುಮಾಡಿ ತೆಗೆಯುತ್ತಾರೆ, ಇಲ್ಲವೆ ಮೈಬಿಸಿಯ ನೀರಿನಿಂದ ತೊಳೆಯುತ್ತಾರೆ. ನೀರಿನ ಬಿಸಿಯ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿ ಬಿಡಲಾರದ ಪ್ರಸಂಗವೊಂದಿದೆ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ತರುಣ ವೈದ್ಯರು ರೋಗಿಗಳ ಕಿವಿ ತೊಳೆಯುತ್ತಿದ್ದಾಗ ಕೆಲವರು ತಲೆಸುತ್ತೆಂದು ದೂರುತ್ತಿದ್ದರು. ನೀರು ಸಾಕಷ್ಟು ಬೆಚ್ಚಗಿಲ್ಲದಾಗ ಮಾತ್ರ ಹೀಗಾಗುತ್ತದೆಂದು ರೋಗಿಯೊಬ್ಬ ಹೇಳಿದ. ಮತ್ತೊಮ್ಮೆ ನೀರು ಅತಿ ಬಿಸಿಯಾಗಿತ್ತು. ಆಗಲೂ ತಲೆ ಸುತ್ತಿತು, ಆದರೆ ಕಣ್ಣುಗುಡ್ಡೆಗಳು ಈ ಸಲ ವಿರುದ್ಧ ದಿಕ್ಕಿಗೆ ಜಗ್ಗುತ್ತಿದ್ದುವು. ನೀರು ಮೈಬಿಸಿಯಷ್ಟೇ ಇದ್ದರೆ ಏನೂ ಇಲ್ಲ. ತಣ್ಣೀರೂ ಬಿಸಿನೀರೂ ನಾಳದೊಳಗಿನ ದ್ರವವನ್ನು ಹರಿಸಿ, ತಲೆ ತಿರುಗುತ್ತಿದೆಯೆಂದು ಮಿದುಳಿಗೆ ಸುಳ್ಳು ಹೇಳುತ್ತವೆಂದು ಅವರು ಊಹಿಸಿದರು. ಸಮತೋಲದ ಅಂಗವನ್ನು ಪರೀಕ್ಷಿಸುವ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. 1914ರ ನೊಬೆಲ್ ಬಹುಮಾನ ಅವರಿಗೆ ದೊರೆತ ಸುದ್ದಿ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿ. ಬಿಡುಗಡೆಯಾದುದು 1916ರಲ್ಲಿ, ಸ್ವೀಡನ್ನಿನ ರಾಜಕುಮಾರರ ಮಧ್ಯಸ್ಥಿಕೆಯಿಂದ.

ನಮ್ಮಲ್ಲಿ ಶ್ರವಣಪರೀಕ್ಷೆಗೆಂದು ದೂರ ಹೋಗಬೇಕಾದ್ದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1966ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದಿನನಿತ್ಯಕ್ಕಂತೂ ಸ್ನಾನದ ಬಳಿಕ ಒದ್ದೆ ಟವೆಲಿನ ಅಂಚಿನಿಂದ, ಬೆರಳು ಹೋಗುವಷ್ಟು ಹೊರಗಿವಿಯನ್ನು ಒರೆಸಿಕೊಂಡರೆ ಸಾಕು.